ಬಟ್ಟಲು ಅಲುಗಿಸುವವರೆಗೆ

ಮನುಷ್ಯರನ್ನು ನಡೆನುಡಿಯಿಂದ ಅಳೆಯಬೇಕೆಂದು ಹಿರಿಯರು ಹೇಳುತ್ತಾರೆ. ನಾನಾದರೋ ಅವರು ನೀರು ಕುಡಿಯುವ ಕ್ರಮದಿಂದ ಅಳೆಯುತ್ತೇನೆ. ಬಾಟಲಿಗೆ ತುಟಿ ಹಚ್ಚಿ ಕದ್ದವರಂತೆ ಹೀರುವವರಿದ್ದಾರೆ, ಕಷಾಯದಂತೆ ಮುಖ ಕಿವುಚಿ ಗುಟುಕರಿಸುವವರಿದ್ದಾರೆ, ಅರ್ಧ ಕುಡಿದು ಉಳಿದರ್ಧವನ್ನು ಸಿಂಕಿಗೆ ಚೆಲ್ಲುವ ಮಹಾಪಾಪಿಗಳೂ ಇದ್ದಾರೆ. ನನ್ನ ಹೆಂಡತಿ ಗಿರಿಜಾಳದು ಇವರೆಲ್ಲರಿಂದ ಪ್ರತ್ಯೇಕವಾದ ಪಂಥ. ಗದಗಿನಿಂದ ತಂದ ಹಿತ್ತಾಳೆಯ ತಂಬಿಗೆಯನ್ನು ಮುಖದಿಂದ ಗೇಣುದ್ದ ಮೇಲೆತ್ತಿ, ಕಣ್ಣು ಮುಚ್ಚಿ, ಸೆರಗಿಗೆ ಒಂದು ಹನಿಯೂ ಬೀಳದಂತೆ ಗಟಗಟನೆ ಕುಡಿದು, ಕೊನೆಗೆ ‘ಹಾಂ’ ಎಂದು ದೀರ್ಘವಾಗಿ ಉಸಿರು ಬಿಡುತ್ತಾಳೆ. ಇಷ್ಟು ವರ್ಷ ಸಂಸಾರ ಮಾಡಿಯೂ ಆ ‘ಹಾಂ’ ನನ್ನ ಕಿವಿಗೆ ಬಿದ್ದಿರಲಿಲ್ಲ. ನನ್ನ ಮೂತ್ರಪಿಂಡಗಳೆರಡೂ ಕೈಕೊಟ್ಟು, ವಾರಕ್ಕೆ ಮೂರು ಸಲ ಡಯಾಲಿಸಿಸ್ ಯಂತ್ರಕ್ಕೆ ರಕ್ತವನ್ನು ಒಪ್ಪಿಸುವ ಗತಿ ಬಂದು, ದಿನಕ್ಕೆ ಮುಕ್ಕಾಲು ಲೀಟರಿನ ಮೇಲೆ ದ್ರವ ಒಳಗೆ ಹೋಗಕೂಡದೆಂದು ಡಾಕ್ಟರರ ಅಪ್ಪಣೆಯಾದ ಮೇಲೆಯೇ ಅದು ಕೇಳಿಸತೊಡಗಿದ್ದು.

ನನ್ನ ಬಾಯಾರಿಕೆಗೆ ಒಂದು ಪೂರ್ವೇತಿಹಾಸವಿದೆ. ನಮ್ಮ ಗದಗಿನಲ್ಲಿ ನಳದ ನೀರು ಬರುವ ದಿನವೇ ಹಬ್ಬ. ಅಂಥ ಊರಿನಿಂದ ಹೊರಟವನು ಕೊಲ್ಲಿ ಯುದ್ಧ ಮುಗಿದ ಹೊಸತರಲ್ಲಿ ಕುವೈತಿಗೆ ಬಂದಿಳಿದಾಗ, ಮರುಭೂಮಿಗೆ ಬಂದೆನೆಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಇಲ್ಲಿ ನೋಡಿದರೆ ಸಮುದ್ರದ ಉಪ್ಪನ್ನೇ ಕಳೆದು ಇಪ್ಪತ್ತನಾಲ್ಕು ತಾಸೂ ನಳದಲ್ಲಿ ಹರಿಸುತ್ತಿದ್ದಾರೆ! ಮೇಲಾಗಿ ಮನೆಮನೆಯ ಗೋಡೆಯ ಹೊರಗೆ, ಮಸೀದಿಗಳ ಬಾಗಿಲಲ್ಲಿ, ದಾರಿಹೋಕರಿಗೆಂದು ತಣ್ಣೀರಿನ ಕೂಲರ್ ಇಟ್ಟಿರುತ್ತಾರೆ. ಸತ್ತುಹೋದ ತಂದೆಯ ಹೆಸರಿನಲ್ಲಿ ಮಗ ಇಟ್ಟದ್ದು, ಹರಕೆ ತೀರಿಸಲು ತಾಯಿ ಇಟ್ಟದ್ದು. ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಟ್ಯಾಂಕುಗಳ ಮಟ್ಟ ಕಾಯುವ ಉಪಕರಣಗಳ ಇಂಜಿನಿಯರ್ ನಾನು. ಜುಲೈ ಬಿಸಿಲಿನಲ್ಲಿ ಬೆಂದು ಬಸ್ಸಿಳಿದವನು ಮನೆ ತಲುಪುವಷ್ಟರಲ್ಲಿ ಯಾರ್ಯಾರದೋ ಪಿತೃಗಳನ್ನು ತೃಪ್ತಿಪಡಿಸಿರುತ್ತಿದ್ದೆ. ಅಂದು ಕುಡಿದ ನೀರಿನ ನೆನಪೇ ಇಂದು ನನ್ನ ಪಾಲಿನ ಐಶ್ವರ್ಯ. ಕಣ್ಣು ಮುಚ್ಚಿದರೆ ಒಂದೊಂದು ಕೂಲರಿನ ನೀರಿನ ರುಚಿಯೂ ಬೇರೆಬೇರೆಯಾಗಿ ನಾಲಿಗೆಗೆ ಬರುತ್ತದೆ.

ಕುಡಿಯುವ ವಿಷಯದಲ್ಲಿ ನನ್ನ ಮಾನ ಹೋದದ್ದೂ ಅದೇ ಕಾಲದಲ್ಲಿ. ನನ್ನ ಮೇಲಧಿಕಾರಿ ಅಬು ಖಾಲಿದ್ ಒಂದು ಸಂಜೆ ತಮ್ಮ ಮನೆಯ ದಿವಾನಿಯಾಗೆ, ಅಂದರೆ ಗಂಡಸರು ಕೂತು ಹರಟುವ ಪಡಸಾಲೆಗೆ, ಕರೆದರು. ಕೊಕ್ಕಿನ ಹೂಜಿ ಹಿಡಿದವನೊಬ್ಬ ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಏಲಕ್ಕಿಯ ಕಹಿ ಕಾಫಿ ಹಾಕಿದ. ಕುಡಿದೆ. ಮತ್ತೆ ಹಾಕಿದ. ಕೊಟ್ಟದ್ದನ್ನು ಬೇಡವೆಂದರೆ ಮನೆಯವರಿಗೆ ಅವಮಾನವೆಂದು ಕಲಿತ ಸೀಮೆಯವನು ನಾನು, ಮತ್ತೆ ಕುಡಿದೆ. ಅವನೋ ಹಾಕುತ್ತಲೇ ಇದ್ದಾನೆ, ನಾನೋ ಕುಡಿಯುತ್ತಲೇ ಇದ್ದೇನೆ. ಇಬ್ಬರ ಹಣೆಯಲ್ಲೂ ಬೆವರು. ಕೊನೆಗೆ ಅಬು ಖಾಲಿದರೇ ಕನಿಕರಪಟ್ಟು, ಸಾಕೆನಿಸಿದಾಗ ಬಟ್ಟಲನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲುಗಿಸಬೇಕು, ಅಲ್ಲಿಯವರೆಗೆ ಹಾಕುವವನಿಗೆ ನಿಲ್ಲಿಸುವ ಅಧಿಕಾರವಿಲ್ಲ ಎಂದು ತಿಳಿಸಿಕೊಟ್ಟರು. ಆಮೇಲೆ ಎಷ್ಟೋ ವರ್ಷ ರಿಫೈನರಿಯಲ್ಲಿ ನನ್ನನ್ನು ಕಂಡವರೆಲ್ಲ ಗಾಳಿಯಲ್ಲಿ ಬಟ್ಟಲು ಅಲುಗಿಸಿ ನಗುತ್ತಿದ್ದರು.

ಇರಲಿ, ವರ್ತಮಾನಕ್ಕೆ ಬರುತ್ತೇನೆ. ಡಾಕ್ಟರರ ಅಪ್ಪಣೆಯನ್ನು ನಾನು ಶ್ರದ್ಧೆಯಿಂದಲೇ ಪಾಲಿಸಿದೆ. ಬೆಳಿಗ್ಗೆ ಬಾಟಲಿಗೆ ಅಳೆದು ತುಂಬಿಸಿಕೊಂಡ ನೀರು ರಾತ್ರಿಯವರೆಗೆ ಬರಬೇಕು. ಚಹಾ ಕುಡಿದರೆ ಅಷ್ಟನ್ನು ಬಾಟಲಿಯಿಂದ ಕಳೆಯಬೇಕು. ಎಲ್ಲ ಸರಿಯಾಗಿಯೇ ಇತ್ತು. ಆದರೂ ಡಯಾಲಿಸಿಸ್‌ಗೆ ಹೋದಾಗಲೆಲ್ಲ ತೂಕದ ಯಂತ್ರ ಮಾತ್ರ ನನ್ನನ್ನು ಸುಳ್ಳುಗಾರನೆಂದು ಸಾರುತ್ತಿತ್ತು. ಒಂದು ಬೆಳಗಿನ ಜಾವ ಮಲಗಿದಲ್ಲೇ ಉಸಿರು ಸಿಕ್ಕದೆ, ನೀರಿಲ್ಲದೆ ಬಳಲುತ್ತಿದ್ದವನು ನೀರಿನಲ್ಲಿ ಮುಳುಗುವವನಂತೆ ಏದುತ್ತ ಆಸ್ಪತ್ರೆ ಸೇರಿದೆ. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಯಂತ್ರ ಅದನ್ನೆಲ್ಲ ಹಿಂಡಿ ತೆಗೆದ ಮೇಲೆ, ಕೇರಳದ ನರ್ಸಮ್ಮ ಪಕ್ಕದಲ್ಲಿ ಕೂತು ನಾನು ಬೆಳಗಿನಿಂದ ರಾತ್ರಿಯವರೆಗೆ ಏನೇನು ತಿನ್ನುತ್ತೇನೆಂದು ಕೆದಕಿದಳು. ನಾನು ಹೆಮ್ಮೆಯಿಂದ ಒಪ್ಪಿಸಿದೆ: ಜೋಳದ ರೊಟ್ಟಿ, ಪಲ್ಯ, ಅನ್ನ, ಸಾರು, ಕೊನೆಗೆ ಮಜ್ಜಿಗೆ ಅನ್ನ, ಅದರ ಮೇಲೊಂದು ಗಿಂಡಿ ಮಜ್ಜಿಗೆ.

“ಅಂಕಲ್, ಛಾಸ್ ಪಾನೀ ನಹೀ ಹೈ ಕ್ಯಾ?” ಎಂದಳು.

ಮಜ್ಜಿಗೆ ಊಟವಲ್ಲವೇ? ನಮ್ಮ ಸೀಮೆಯಲ್ಲಿ ಯಾವನಾದರೂ ಮಜ್ಜಿಗೆಯನ್ನು ನೀರಿನ ಲೆಕ್ಕಕ್ಕೆ ಸೇರಿಸಿದ್ದುಂಟೇ? ಮಜ್ಜಿಗೆಯಾಗದೆ ಕೈ ತೊಳೆದರೆ ಉಂಡಂತೆಯೇ ಅಲ್ಲ. ಒಂದು ಇಡೀ ರಿಫೈನರಿಯ ಟ್ಯಾಂಕುಗಳು ಉಕ್ಕದಂತೆ ಕಾಯ್ದವನು ತನ್ನ ಹೊಟ್ಟೆಯ ಟ್ಯಾಂಕಿಗೆ ಎರಡು ನಳಗಳಿರುವುದನ್ನು ಮರೆತಿದ್ದೆ.

ನಾನು ಇದನ್ನು ನಗೆಯ ಪ್ರಸಂಗವಾಗಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಗಿರಿಜಾ ನಗಲಿಲ್ಲ. ಗಿಂಡಿಗಟ್ಟಲೆ ಮಜ್ಜಿಗೆ ಬಡಿಸಿದ ಕೈ ತನ್ನದೇ ಎಂಬ ಕೊರಗು ಅವಳಿಗೆ ಹತ್ತಿತ್ತು. ಆ ದಿನದಿಂದ ನಮ್ಮ ಮನೆಯಲ್ಲಿ ಮಜ್ಜಿಗೆ ನಿಂತಿತು, ಉಪ್ಪಿನಕಾಯಿಯ ಭರಣಿ ಗಡೀಪಾರಾಯಿತು, ತಂಬಿಗೆ ಕಪಾಟು ಸೇರಿತು. ಯಾರೂ ನನ್ನೆದುರು ನೀರಿನ ಸದ್ದು ಮಾಡುವಂತಿಲ್ಲ. ನನಗೆ ಆಗ ಅದು ದೊಡ್ಡ ಉಪಕಾರವೆಂದೇ ಅನಿಸಿತು.

ಆ ವರ್ಷ ರಂಜಾನ್ ನಡುಬೇಸಿಗೆಯಲ್ಲಿ ಬಂತು. ಮಂಗಾಫ್‌ನ ನಮ್ಮ ಕಟ್ಟಡದ ಕೆಳಗೆ ದಿನಸಿ ಅಂಗಡಿ ಇಟ್ಟಿರುವ ಬಂಟ್ವಾಳದ ಹಮೀದ್ ನನ್ನನ್ನು ಕಾರಿನಲ್ಲಿ ಡಯಾಲಿಸಿಸ್‌ಗೆ ಬಿಡುತ್ತಿದ್ದ. ಮುಂದಿನ ಸೀಟಿನಲ್ಲಿ ಇಬ್ಬರು ಬಾಯಾರಿದವರು, ಹೊರಗೆ ಬೆಂಕಿಯಂಥ ಬಿಸಿಲು. ಅವನು ಒಮ್ಮೆ ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡೇ ಹೇಳಿದ: “ನಮ್ದು ಉಪವಾಸ ಸಂಜೆ ಮಸೀದಿಲಿ ಬಾಂಗ್ ಆಗುವವರೆಗೆ ಮಾತ್ರ ಸಾರ್. ನಿಮ್ಮದಕ್ಕೆ ಬಾಂಗೇ ಇಲ್ಲ ಅಲ್ವಾ ಮಾರಾಯ್ರೆ.” ನನಗೆ ಆ ಮಾತು ಬಿರುದು ಕೊಟ್ಟಷ್ಟು ಹಿತವಾಯಿತು. ಜಗತ್ತಿನ ದಾಹವೆಲ್ಲ ನನ್ನೊಬ್ಬನದೇ ಎಂಬ ಠೀವಿಯಲ್ಲಿ ಕೆಲವು ದಿನ ಓಡಾಡಿದೆ.

ಠೀವಿ ಇಳಿದದ್ದು, ಗಿರಿಜಾ ಒಂದು ಮಧ್ಯಾಹ್ನ ಪಕ್ಕೆ ಹಿಡಿದುಕೊಂಡು ಅಡಿಗೆಮನೆಯ ನೆಲದ ಮೇಲೆ ಮುದುಡಿ ಬಿದ್ದಾಗ. ಅದೇ ಹಮೀದನ ಕಾರು, ಅದೇ ಆಸ್ಪತ್ರೆ. ಈ ಸಲ ರೋಗಿ ಬೇರೆ. ಮೂತ್ರಪಿಂಡದಲ್ಲಿ ಕಲ್ಲು, ಒಂದು ಕಡೆ ಆಗಲೇ ಬಾವು. ಈ ಸೆಕೆಯಲ್ಲಿ ನೀರನ್ನೇ ಕುಡಿಯದಿದ್ದರೆ ಇನ್ನೇನಾಗುತ್ತದೆ, ಹೀಗೇ ಬಿಟ್ಟರೆ ಆ ಮೂತ್ರಪಿಂಡ ಉಳಿಯಲಿಕ್ಕಿಲ್ಲ ಎಂದು ಡಾಕ್ಟರರು ಗದರಿದರು. ನಾನು ಅವಳನ್ನು ನೋಡಿದೆ. ಅವಳು ಗೋಡೆ ನೋಡಿದಳು.

“ನೀವು ಬಿಟ್ಟಿದ್ದು ಡಾಕ್ಟರ್ ಹೇಳ್ಯಾರಂತ,” ಎಂದಳು, “ನಾ ಬಿಟ್ಟಿದ್ದು ನಿಮ್ಮ ಮುಖಾ ನೋಡಿ.”

ಬಾಂಗ್ ಇಲ್ಲದ ಉಪವಾಸವನ್ನು ನಮ್ಮ ಮನೆಯಲ್ಲಿ ಇಬ್ಬರು ಮಾಡುತ್ತಿದ್ದೆವು. ಊರಿಗೆಲ್ಲ ಗೊತ್ತಿದ್ದದ್ದು ನನ್ನದು ಮಾತ್ರ. ನನಗೆ ಆ ಕ್ಷಣ ಭಯವಾಯಿತು, ನನ್ನ ಕಾಯಿಲೆ ಗೊತ್ತಾದ ದಿನಕ್ಕಿಂತ ಹೆಚ್ಚು ಭಯವಾಯಿತು.

ಡಾಕ್ಟರರೆದುರು ತಲೆಯಾಡಿಸಿ ಬಂದವಳದು ಮನೆಯಲ್ಲಿ ಮತ್ತೆ ಹಳೆಯ ಹಾಡೇ. ಅಡಿಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ನಾಲ್ಕು ಗುಟುಕು, ಅಷ್ಟೇ. ಹೇಳಿದೆ, ರೇಗಿದೆ, ಕೈ ಮುಗಿದೆ. ಗದಗಿನ ಗಟ್ಟಿ ಕಲ್ಲು ಅದು, ಒಳಗಿನದಕ್ಕಿಂತ ಹೊರಗಿನದು ಗಟ್ಟಿ.

ಆಗ ಅಬು ಖಾಲಿದ್ ನೆನಪಾದರು. ಅವರು ನಿವೃತ್ತರಾಗುವಾಗ, ಹಳೆಯ ತಮಾಷೆಯ ನೆನಪಿಗೆಂದು, ಒಂದು ಕೊಕ್ಕಿನ ಹೂಜಿಯನ್ನೂ ಬಟ್ಟಲುಗಳನ್ನೂ ನನಗೆ ಕೊಟ್ಟಿದ್ದರು. ಒಂದು ಸಂಜೆ ಅದನ್ನು ತೊಳೆದು ತಣ್ಣೀರು ತುಂಬಿದೆ. ಕಪಾಟಿನಿಂದ ತಂಬಿಗೆ ಇಳಿಸಿದೆ. ಗಿರಿಜಾಳನ್ನು ಸೋಫಾದ ಮೇಲೆ ಅತಿಥಿಯಂತೆ ಕೂರಿಸಿ, ಇಲ್ಲಿಯ ರೂಢಿಯಂತೆ ಎಡಗೈಯಲ್ಲಿ ಹೂಜಿ ಹಿಡಿದು ಎದುರು ನಿಂತು, ಅತಿಥಿ ಅಲುಗಿಸುವವರೆಗೆ ನಿಲ್ಲಿಸುವ ಅಧಿಕಾರ ನನಗಿಲ್ಲ ಎಂದು ಈ ದೇಶದ ಕಾನೂನನ್ನು ತಿಳಿಸಿದೆ.

“ನಿಮ್ಮ ಮುಂದ ನನಗ ಗಂಟಲ್ದಾಗ ಇಳಿಯೂದಿಲ್ಲರಿ,” ಎಂದಳು.

“ನಿನಗ ಇಳೀಲಿಲ್ಲಂದ್ರ ನನಗ ಇಳಿದದ್ದೂ ದಕ್ಕೂದಿಲ್ಲ,” ಎಂದೆ.

ತಂಬಿಗೆಯನ್ನು ಅವಳ ಕೈಗಿತ್ತು ಹೂಜಿಯಿಂದ ನೀರು ಹಾಕಿದೆ. ಅವಳು ಅದನ್ನು ಗೇಣುದ್ದ ಮೇಲೆತ್ತಿ, ಕಣ್ಣು ಮುಚ್ಚಿ, ಕುಡಿದಳು. ಈ ಸಲ ಸೆರಗಿಗೆ ಒಂದೆರಡು ಹನಿ ಬಿತ್ತು, ರೂಢಿ ತಪ್ಪಿತ್ತು. ಕೊನೆಗೆ ಆ ‘ಹಾಂ’ ಕೇಳಿತು. ಸುಳ್ಳು ಹೇಳಲಾರೆ, ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಆದರೂ ಎದೆಯೊಳಗೆ ಎಲ್ಲೋ ತಣ್ಣಗಾಯಿತು.

ಕಣ್ಣೊರೆಸಿಕೊಂಡು ಅವಳು ನನ್ನ ಕೈಯಿಂದ ಹೂಜಿ ತೆಗೆದುಕೊಂಡಳು, ಪುಟ್ಟ ಬಟ್ಟಲಿಗೆ ನನ್ನ ಪಾಲಿನಲ್ಲಿ ಉಳಿದಿದ್ದ ಒಂದು ಗುಟುಕು ಹಾಕಿಕೊಟ್ಟಳು. ಕುಡಿದು, ಬಟ್ಟಲನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿದೆ.

ಅವಳು ತನ್ನದನ್ನು ಅಲುಗಿಸಲಿಲ್ಲ. ಹೂಜಿಯನ್ನು ಮರಳಿ ನನ್ನ ಕೈಗಿತ್ತು ತಂಬಿಗೆಯನ್ನು ಮುಂದೆ ಚಾಚಿದಳು, ನಾನು ಹಾಕಿದೆ.