ಅಪ್ಪನನ್ನು ಮಲಗಲು ಬಿಡದ ದಿನ

ತೊಂಬತ್ತರ ದಶಕದ ಕೊನೆ. ನಾನಿನ್ನೂ ಕಾಲೇಜಿನಲ್ಲಿದ್ದೆ. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ದಿನವಿಡೀ ನಿಂತೇ ತೂಕ ಹಾಕುತ್ತಿದ್ದ ಅಪ್ಪನ ಕಾಲಿನ ನರಗಳು ಉಬ್ಬಿ ಗಂಟುಗಂಟಾಗಿದ್ದವು. ಹಾಸನದಲ್ಲಿ ಪಾದಕ್ಕೆ ಅದೇನೋ ಔಷಧಿ ಚುಚ್ಚಿ, ಬರೀ ನರಗಳದೇ ಎಕ್ಸ್‌ರೇ ತೆಗೆದರು. ಬೇರುಗಳಂತೆ ಹರಡಿದ್ದ ನರಗಳ ಆ ಚಿತ್ರ ಕಂಡ ಬೆರಗಿಗೆ ನಾನು ಕುಣಿಯುವುದೊಂದು ಬಾಕಿ! ಆದರೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಈ ಔಷಧಿಯಿಂದಲೇ ಒಮ್ಮೊಮ್ಮೆ ನರದಲ್ಲಿ ರಕ್ತ ಹೆಪ್ಪುಗಟ್ಟುತ್ತಮ್ಮ. ಅದು ಶ್ವಾಸಕೋಶಕ್ಕೆ ಹೋದರೆ ಕಷ್ಟ. ಚೆನ್ನಾಗಿ ನೀರು ಕುಡೀಲಿ, ಗಂಟೆಗೊಮ್ಮೆ ನಡೀಲಿ. ಮೀನಖಂಡ ಗಟ್ಟಿಯಾಗಿ ಬಿಸಿಯಾದರೆ ತಕ್ಷಣ ಕರ್ಕೊಂಡು ಬಾ" ಎಂದರು.

ಮರುದಿನ ಬೆಳಗ್ಗೆಯೇ ನೋಡಲು ಬರುವವರು ಶುರುವಾದರು. ಬ್ರೆಡ್ಡು, ಮೋಸಂಬಿ ಹಿಡಿದು ಬಂದವರ ಮುಂದೆ ರೋಗಿ ಆರಾಮಾಗಿ ಓಡಾಡಿಕೊಂಡಿದ್ದರೆ ಚೆನ್ನಾಗಿರುತ್ತದೆಯೇ? ಗೇಟಿನ ಸದ್ದಾದರೆ ಸಾಕು, ಅಪ್ಪ ಮಂಚ ಹತ್ತಿ ಹೊದಿಕೆ ಎಳೆದುಕೊಳ್ಳುತ್ತಿದ್ದರು. ಒಬ್ಬರು ಹೋದರೆ ಇನ್ನೊಬ್ಬರು. ಮಧ್ಯಾಹ್ನದವರೆಗೆ ಅಪ್ಪ ಎದ್ದದ್ದು ಎರಡೇ ಸಲ. ನನಗೋ ಮೈಯೆಲ್ಲ ಉರಿ.

ಆಮೇಲೆ ಬಾಣಾವರದಿಂದ ರೈಲಿನಲ್ಲಿ ಅಪ್ಪನ ಅಕ್ಕ ಬಂದರು. ಮಂಚದ ಪಕ್ಕ ಕೂತು ಕಣ್ಣೊರೆಸಿಕೊಳ್ಳತೊಡಗಿದ್ದರಷ್ಟೇ, ನಾನು "ಅಪ್ಪಾ, ಏಳಿ, ನಡೀರಿ" ಎಂದೆ.

"ಏನೇ ಇದು! ಕಾಯಿಲೆ ಮನ್ಸನ್ನ ಎಬ್ಬಿಸ್ತೀಯಲ್ಲ, ಕರುಳು ಐತೇನೇ ನಿಂಗೆ?" ಎಂದರು ಅತ್ತೆ.

"ಹೀಗೇ ಮಲಗಿದ್ರೆ ನರದಲ್ಲಿ ರಕ್ತ ಹೆಪ್ಪುಗಟ್ಟಿ ಅಪ್ಪ ಸತ್ತೋಗ್ತಾರೆ ಅತ್ತೆ! ಬಂದವರಿಗೆ ಬೇಜಾರಾಗ್ಬಾರ್ದು ಅಂತ ಮಲಗಿದಾರೆ!" ಕಿರುಚಿಯೇಬಿಟ್ಟೆ. ಅಮ್ಮ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಓಡಿಬಂದಳು. ಅಪ್ಪ ಗೋಡೆಯ ಕಡೆ ತಿರುಗಿದರು.

ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದರು. "ಏಳ್ಲಾ. ನನ್ನ ಟೇಸನ್ನಿಗೆ ಬಿಟ್ಟು ಬಾ."

"ಈಗ ತಾನೇ ಬಂದಿದೀಯ ಅಕ್ಕ, ಕಾಫಿನಾದ್ರೂ..."

"ಕಾಫಿ ಎಲ್ಲೋಯ್ತದೆ? ನಡಿ ಅಂದೆ."

ಹೊರಟಿತು ನೋಡಿ ನಮ್ಮ ಮೆರವಣಿಗೆ! ಮುಂದೆ ಅತ್ತೆ, ನಡುವೆ ಅಪ್ಪ, ಹಿಂದೆ ನೀರಿನ ಬಾಟಲಿ ಹಿಡಿದ ನಾನು. ಬ್ರೆಡ್ಡು ಹಿಡಿದು ಎದುರಾದ ಮಂಡಿಯ ಗೆಳೆಯರಿಬ್ಬರನ್ನೂ ಅತ್ತೆ ಬಿಡಲಿಲ್ಲ. "ನೋಡಾಕೆ ಬಂದ್ರಾ? ನಡ್ಕೊಂಡೇ ನೋಡ್ರಪ್ಪ!" ಅವರೂ ಸೇರಿಕೊಂಡರು. ನನಗೆ ನಗು ತಡೆಯಲಾಗಲಿಲ್ಲ, ಅಪ್ಪನೂ ನಕ್ಕರು.

ಡಾಕ್ಟರು ಮೀನಖಂಡದ ಬಗ್ಗೆ ಹೇಳಿದ್ದನ್ನೂ ದಾರಿಯಲ್ಲೇ ಅತ್ತೆಗೆ ಹೇಳಿದೆ. ಸ್ಟೇಷನ್ನಿನಲ್ಲಿ ಅತ್ತೆ ಅಪ್ಪನನ್ನು ಪ್ಲಾಟ್‌ಫಾರಂನ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆಸಿದರು. ರೈಲು ಬಂದು ನಿಂತಿತು. ಅಷ್ಟು ಜನರ ಎದುರಿಗೇ ಅತ್ತೆ ತಮ್ಮನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತುಬಿಟ್ಟರು.

"ಅಕ್ಕಾ, ದೊಡ್ಡೋಳು ನೀನು, ಕಾಲು ಮುಟ್ಬೇಡ!" ಅಪ್ಪ ಹೌಹಾರಿ ಹಿಂದೆ ಸರಿದರು.

ಅತ್ತೆ ಪಂಚೆ ಸರಿಸಿ, ಮೀನಖಂಡವನ್ನು ಎರಡೂ ಕೈಯಲ್ಲಿ ಒತ್ತಿ ಒತ್ತಿ ನೋಡಿದರು. "ಮೆತ್ತಗೈತೆ. ಬಿಸಿ ಇಲ್ಲ ಕಣ್ಲಾ" ಎಂದರು. ಮತ್ತೆ ಒತ್ತಿದರು. ಗಾಡಿ ಕೂಗಿತು. ಅವರು ಕೈ ತೆಗೆಯಲಿಲ್ಲ. ಬಾಣಾವರದ ಗಾಡಿ ಅತ್ತೆಯನ್ನು ಬಿಟ್ಟೇ ಹೋಯಿತು.