ಬೋಕಿ ಸಾರ್ ಕಂಡ ತಾಳಿ

ಮೊನ್ನೆ ಹೊಸ ಮಡಕೆಗೆ ನೀರು ತುಂಬಿದೆ. ಆ ಹಸಿಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಬೋಕಿ ಸಾರ್ ನೆನಪಾದರು…

ಎಂಬತ್ತರ ದಶಕ. ನಾನು ಕೊಳ್ಳೇಗಾಲದ ಕಡೆಯಿಂದ ತಮಿಳುನಾಡಿನ ಸಿರುಮುಗೈಗೆ ಸೊಸೆಯಾಗಿ ಬಂದ ಹೊಸತು. ಸಾರ್ ಕೊಯಮತ್ತೂರಿನಿಂದ ಶನಿವಾರ ಶನಿವಾರ ಬಂದು, ನಮ್ಮ ಹೊಲದಲ್ಲಿ ಮಡಕೆ ಚೂರು ಆರಿಸಿ ಚೀಲಕ್ಕೆ ತುಂಬುತ್ತಿದ್ದರು. ಹಳೇ ಕಾಲದ ಜನರ ಮೇಲೆ ಪಿಎಚ್‌ಡಿಯಂತೆ. ಅಯ್ಯೋ, ಅಷ್ಟು ಓದಿದವರು ಬೋಕಿ ಆರಿಸ್ತಾರಾ? ಅದಕ್ಕೇ ನಮ್ಮ ಬಾಯಲ್ಲಿ ಬೋಕಿ ಸಾರ್ ಆದರು. ಮಜ್ಜಿಗೆ ಕೊಡುವ ನೆವದಲ್ಲಿ ಚೀಲಕ್ಕೆ ಇಣುಕಿದೆ. ಬರೀ ಚೂರು! ಅನುಮಾನ ಇನ್ನೂ ಜಾಸ್ತಿಯಾಯಿತು.

ಮೂರನೇ ವರ್ಷ ಒಂದು ದಿನ ಏದುಸಿರು ಬಿಡುತ್ತಾ ಬಂದರು. ನಮ್ಮ ಹಾಗೇ ಅವರದೂ ಮನೆಮಾತು ಕನ್ನಡ, ಆದರೆ ಓದಿದ್ದೆಲ್ಲ ತಮಿಳು. “ಅಮ್ಮಾ, ನಿಮ್ಮ ಹೊಲದ ಮೂಲೇಲಿ ತಾಳಿ ಇದೆ! ಅದೊಂದು ಪೂರಾ ಸಿಕ್ಕಿದ್ರೇನೇ ನಮ್ಮ ಪ್ರೊಫೆಸರ್ ಸೈನ್ ಹಾಕೋದು. ಇಲ್ಲಾಂದ್ರೆ ನನ್ನ ಓದು ಅಷ್ಟೇ. ಅಗೆಯೋಕೆ ಅನುಮತಿ ತರೋವರೆಗೂ ಯಾರೂ ಮುಟ್ಟಬೇಡಿ” ಅಂದರು.

ಅತ್ತೆಯ ಕೈ ಕೊರಳಿಗೆ ಹೋಯಿತು. ಸಾರ್ ಆಚೆ ಹೋದದ್ದೇ ಅತ್ತೆ, “ನೋಡಿದ್ಯಾ? ನಮ್ಮ ಭೂಮಿ ಚಿನ್ನ ಹೊಡ್ಕೊಂಡು ಹೋಗಕ್ಕೆ ಇಷ್ಟು ದಿನ ನಾಟಕ ಆಡವ್ನೆ!” ಅಂದರು. ನನಗೂ ಹಾಗೇ ಅನ್ನಿಸಿತು.

ಮಾರನೇ ದಿನವೇ ಮಾವ ಹಾರೆ ಹಿಡಿದರು. ಹಾರೆ ಏಟಿಗೆ ದೊಡ್ಡ ಗುಡಾಣವೊಂದು ಒಡೆಯಿತು. ಒಳಗೆ ಮಣ್ಣು, ಮೂಳೆ. ಅತ್ತೆ ಹೆದರಿ ಎಲ್ಲವನ್ನೂ ಭವಾನಿ ಹೊಳೆಗೆ ಹಾಕಿಸಿ ತಲೆಗೆ ನೀರು ಹಾಕಿಕೊಂಡರು.

ಶನಿವಾರ ಬಂದ ಸಾರ್ ಗುಂಡಿ ಪಕ್ಕ ಕೂತು ಮಣ್ಣು ಕೆದಕಿದರು.

“ತಾಳಿ ಅಂದ್ರೆ ಹೆಣ ಹೂಳೋ ಗುಡಾಣ ಅಮ್ಮಾ… ಕೊರಳಿಗೆ ಕಟ್ಟೋದಲ್ಲ.”

ಪುಸ್ತಕದ ತಮಿಳು, ನಮಗೆಲ್ಲಿ ಗೊತ್ತು? ಅತ್ತೆ ಆಗಲೂ ನಂಬಲಿಲ್ಲ. ಊರವರೋ, ನಮಗೇ ಚಿನ್ನ ಸಿಕ್ಕಿದೆ ಅಂತ ಪಿಸುಗುಟ್ಟಿದರು. ಸಾರ್ ಮತ್ತೆ ಬರಲಿಲ್ಲ. ಓದು ಬಿಟ್ಟು ಪೋತ್ತನೂರಲ್ಲಿ ರೈಲ್ವೆ ಕೆಲಸಕ್ಕೆ ಸೇರಿದರು ಅಂತ ಯಾರೋ ಹೇಳಿದರು. ಆಮೇಲೆ ತೀರಿಕೊಂಡರು ಅಂತಲೂ…

ಈಚೆಗೆ ಯಾವುದೋ ಕಾಲೇಜಿನವರು ಬಂದು ಆ ಮೂಲೆಯನ್ನು ಅಳೆದರು. ಇಲ್ಲಿ ಮೊದಲು ಗುರುತು ಹಿಡಿದವರು ಯಾರು, ಹೆಸರು ಹೇಳಿ, ಪುಸ್ತಕದಲ್ಲಿ ಹಾಕ್ತೀವಿ ಅಂದರು. ಅಷ್ಟು ದಿನ ಆ ಮನುಷ್ಯನನ್ನು ಕಳ್ಳನನ್ನು ಕಾದಂತೆ ಕಾದಿದ್ದೆವು. ಹೆಸರು ಮಾತ್ರ ಒಬ್ಬರೂ ಕೇಳಿರಲಿಲ್ಲ.