ಕುಬಸದ ದಿನ ಹೋದ ಕೆಲಸ

ಮೊನ್ನೆ ಅಫಜಲಪುರದ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ತುಂಬು ಬಸುರಿ ಬಂದು ಕೂತಳು. ಎರಡೂ ಕೈ ತುಂಬ ಹಸಿರು ಗಾಜಿನ ಬಳೆ. ಬಸ್ಸು ತಗ್ಗಿಗೆ ಬಿದ್ದಾಗಲೆಲ್ಲ ಅವು ಝಲ್ಲೆನ್ನುತ್ತಿದ್ದವು. ನೀವಾಗಿದ್ದರೆ ನಕ್ಕು, "ಎಷ್ಟನೇ ತಿಂಗಳವ್ವಾ?" ಎಂದು ಮಾತಿಗೆಳೆಯುತ್ತಿದ್ದಿರಿ. ನಾನು ಮಾರಿ ತಿರುಗಿಸಿ ಕಿಡಕಿಯ ಹೊರಗೆ ತೊಗರಿ ಹೊಲ ನೋಡತೊಡಗಿದೆ. ಪಾಪ, ಆ ಹೆಣ್ಣುಮಗಳ ತಪ್ಪೇನೂ ಇಲ್ಲ. ಆ ಸದ್ದು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ, ಅಷ್ಟೆ. ನನ್ನ ಮಗಳಿಗೆ ಈಗ ನಾಲ್ಕು ವರ್ಷ. ನನ್ನ ಸಿಟ್ಟು ಅವಳಿಗಿಂತ ಎರಡು ತಿಂಗಳು ದೊಡ್ಡದು.

ಆಗ ನಾನೊಂದು ಸಂಸ್ಥೆಯಲ್ಲಿದ್ದೆ. ಹೆಣ್ಣುಮಕ್ಕಳ ಏಳಿಗೆಗಾಗಿಯೇ ಹುಟ್ಟಿದ ಸಂಸ್ಥೆ. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹಾಗೇ ಬರೆದಿತ್ತು. ಮೂರು ತಾಲೂಕಿಗೆ ಮೂವರು ಸಂಯೋಜಕರು. ಆಳಂದ ನನ್ನದು, ಜೇವರ್ಗಿ ಶಾಹಿದಾಳದು, ಅಫಜಲಪುರ ನಮ್ಮಿಬ್ಬರಿಗಿಂತ ಎಷ್ಟೋ ತಡವಾಗಿ ಸೇರಿದ ಮಹೇಶನದು. ನಿಂಬರ್ಗಾ, ಮಾದನಹಿಪ್ಪರಗಾ ಅಂತ ಊರೂರು ತಿರುಗಿ, ಹೊಲದಿಂದ ಬಂದ ಹೆಂಗಸರನ್ನು ಅಂಗನವಾಡಿಯಲ್ಲಿ ಕೂಡಿಸಿ, ಬಸುರಿಯರು ಏನು ಉಣ್ಣಬೇಕು, ಎಷ್ಟು ಭಾರ ಎತ್ತಬಾರದು ಎಂದು ಹೇಳುವುದು ನನ್ನ ಕೆಲಸ. ಬಸುರಿ ಅಂತ ಯಾರೂ ನೌಕರಿಯಿಂದ ತೆಗೆಯುವಂತಿಲ್ಲ ಎಂದೂ ಹೇಳುತ್ತಿದ್ದೆ. ಚಿತ್ರ ತೋರಿಸಿ, ಕೈ ಎತ್ತಿ, ಭಾಷಣದ ಧಾಟಿಯಲ್ಲಿ ಹೇಳುತ್ತಿದ್ದೆ.

ಸಂಸ್ಥೆಯ ಮುಖ್ಯಸ್ಥರನ್ನು ನಾವು ಸರ್ ಅನ್ನುತ್ತಿದ್ದೆವು. ಅವರು ನಮ್ಮನ್ನು ತಂಗಿ ಅನ್ನುತ್ತಿದ್ದರು. ನನಗೆ ಏಳನೇ ತಿಂಗಳು ಬಿದ್ದಾಗ ಒಂದು ದಿನ ಕರೆದು, "ತಂಗಿ, ನಾಳಿ ನಿಮ್ಮ ಅತ್ತಿನ್ನೂ ಕರ್ಕೊಂಡು ಬಾ. ಆಫೀಸಿನಾಗ ನಿನ್ನ ಕುಬಸ ಮಾಡ್ತೀವಿ" ಅಂದರು. ನನ್ನ ಅವ್ವ ತೀರಿಕೊಂಡಿದ್ದಳು, ತವರಲ್ಲಿ ಕುಬಸ ಮಾಡಿ ಸೀಮಂತದ ಸೀರೆ ಉಡಿಸುವವರು ಯಾರೂ ಇರಲಿಲ್ಲ. ನಾನು ಅಲ್ಲೇ ಕಣ್ಣೀರು ಹಾಕಿದೆ. ಎಂಥಾ ದೇವರಂಥ ಮನುಷ್ಯ ಎಂದುಕೊಂಡೆ. ಮನುಷ್ಯರನ್ನು ಅಳೆಯುವುದರಲ್ಲಿ ನನ್ನ ಜಾಣತನ ಯಾವಾಗಲೂ ಇಷ್ಟೇ.

ಮರುದಿನ ಹಸಿರು ಸೀರೆ ಉಡಿಸಿ ಕುರ್ಚಿಯ ಮೇಲೆ ಕೂಡಿಸಿದರು. ಉಡಿ ತುಂಬಿದರು. ಶಾಹಿದಾ ನನ್ನ ಊದಿದ ಕೈಗೆ ಒಂದೊಂದೇ ಬಳೆ ಏರಿಸುತ್ತಿದ್ದಳು. ಸರ್ ಮೈಕು ಹಿಡಿದರು.

"ನಮ್ಮ ತಂಗಿ ಬಾಳ ದುಡದಾಳ. ಇನ್ನ ಆರಾಮ್ ಮಾಡ್ಲಿ. ಮುಂದಿನ ತಿಂಗಳಿಂದ ಆಳಂದನೂ ಮಹೇಶನೇ ನೋಡ್ಕೋತಾನ."

ಎಲ್ಲರೂ ಚಪ್ಪಾಳೆ ತಟ್ಟಿದರು. ಹೆರಿಗೆ ರಜೆಯ ಮಾತು ಅಂದುಕೊಂಡು ನಾನೂ ತಟ್ಟಿದೆ. ಶಾಹಿದಾ ಮಾತ್ರ ನನ್ನ ಕೈ ಹಿಡಿದುಕೊಂಡೇ ಕೇಳಿದಳು: "ರಜಾ ಮುಗದ ಮ್ಯಾಲ ಏನ್ರಿ ಸರ್?"

"ಆಮ್ಯಾಲ ಆ ಪೋಸ್ಟೇ ಇರಂಗಿಲ್ಲವ್ವಾ. ಮ್ಯಾಲಿಂದ ಬರೂ ರೊಕ್ಕ ಕಡಿಮಿ ಆಗ್ಯಾದ, ಒಬ್ರು ಹೆಚ್ಚಿಗಿ ಆಗಾಕತ್ತಾರ. ಆಕಿಗೂ ಛಲೋನೇ ಆತಲ್ಲ?"

"ಛಲೋ ಆತೋ ಇಲ್ಲೋ, ಆಕಿಗೆ ಕೇಳೀರೇನ್ರಿ?"

ಸರ್ ನಕ್ಕರು. "ಊಟಕ್ಕ ಏಳ್ರಿ, ಹೋಳಿಗಿ ಆರಾಕತ್ತಾವ" ಅಂದರು.

ನಾನು ಹೋಳಿಗೆ ಉಂಡೆ. ಎರಡು ಉಂಡೆ. ನೌಕರಿ ಹೋದರೂ ಹಸಿವು ಹೋಗದ ಹೊಟ್ಟೆ, ಏನು ಮಾಡಲಿ!

ಮನೆಗೆ ಬರುವಾಗ ಆಟೊದಲ್ಲಿ ಅತ್ತೆ, "ಒಳ್ಳೆ ಮನಶ್ಯಾ ಬೇ, ಸೀರಿ ಉಡಿಸಿ ಕಳ್ಸ್ಯಾನ" ಅಂದರು. ರಾತ್ರಿ ಗಂಡ, "ಹೆಂಗೂ ನೀ ಬಿಡಾಕಿನೇ ಇದ್ದಿ, ಚಿಂತಿ ಯಾಕ?" ಅಂದರು. ನಾನು ಬಿಡುವವಳಿದ್ದೆ ಎಂದು ಇವರಿಗೆ ಯಾರು ಹೇಳಿದ್ದರು? ಗಂಡಸಿನ ನೌಕರಿ ಹೋದರೆ ಓಣಿಯವರು ಸತ್ತ ಮನೆಗೆ ಬಂದಂತೆ ಬಂದು ತಲೆ ತಗ್ಗಿಸಿ ಕೂಡುತ್ತಾರೆ. ನನ್ನದು ಹೋದದ್ದಕ್ಕೆ ಬಂದವರೆಲ್ಲ "ನಸೀಬ ಛಲೋ ಅದ" ಅಂದರು. ಇನ್ನೊಂದು ಮಾತು ಕೇಳಿ. ಆ ವರ್ಷವೇ ಮಹೇಶನ ಹೆಂಡತಿಯೂ ಬಸುರಿ. "ಅವಗ ಕೂಸು ಹುಟ್ಟೂದದ, ಖರ್ಚು ಬರ್ತಾದ, ಅವನ್ನ ಹೆಂಗ ತೆಗೀಲಿ?" ಎಂದರಂತೆ ಸರ್. ಅವನ ಕೂಸು ಅವನನ್ನು ಉಳಿಸಿತು, ನನ್ನದು ನನ್ನನ್ನು ಕಳೆಯಿತು. ಈಗಲೂ ಅಡುಗೆ ಮಾಡುತ್ತ ಇದನ್ನು ನೆನೆದರೆ ಪಲ್ಯ ಸೀದು ಹೋಗುತ್ತದೆ.

ಮಹೇಶನ ಈ ಸುದ್ದಿ ತಂದವಳು ಶಾಹಿದಾ. ಜೇವರ್ಗಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ನಾನು ಅತ್ತಾಗ ಸಮಾಧಾನ ಮಾಡಲಿಲ್ಲ, ಬೈದಳು.

"ಊರೂರಿಗೆ ಕಾಯ್ದೆ ಹೇಳ್ಕೋತ ಅಡ್ಡಾಡಿದಿ. ಅದು ನಿನಗ ಲಾಗೂ ಇಲ್ಲೇನು ಬೇ? ಏಳು, ಕಲಬುರ್ಗಿಗೆ ಹೋಗಮು."

ಹೋದೆವು. ಕಾರ್ಮಿಕ ಇಲಾಖೆಯ ಮೆಟ್ಟಿಲನ್ನು ಹೊಟ್ಟೆ ಹೊತ್ತು ಹತ್ತಿದೆ. ಹೆರಿಗೆಯಾದ ಮೇಲೆ ಕೂಸನ್ನು ಹೊತ್ತು ಹತ್ತಿದೆ. ಒಮ್ಮೆ ಸರ್ ಅಲ್ಲಿಗೇ ಬಂದು ಇಲಾಖೆಯ ಸಾಹೇಬರ ಮುಂದೆ ಕೈ ಮುಗಿದು, "ಆಕಿನೇ ಖುಷಿಲೆ ಹೋಗ್ಯಾಳ್ರಿ. ನಾವು ಕುಬಸ ಮಾಡಿ ಕಳ್ಸೀವಿ" ಅಂದರು. ಅವರ ಕೈಕೆಳಗೆ ಇನ್ನೂ ದುಡಿಯುತ್ತಿದ್ದ ಶಾಹಿದಾ ಎದ್ದು ನಿಂತಳು.

"ನಾ ಅಲ್ಲೇ ಇದ್ದೆ ಸಾಹೇಬ್ರ. ಆಕಿಗೆ ಬಳಿ ಇಡ್ಸಿದಾಕಿ ನಾನ. ತೆಗದದ್ದು ಇವ್ರು."

ಸರ್ ಅವಳ ಕಡೆ ನೋಡಿದ ರೀತಿ ನನಗಿನ್ನೂ ನೆನಪಿದೆ.

ಕೊನೆಗೆ ಹೆರಿಗೆ ರಜೆಯ ಪಗಾರವನ್ನು ಅವರು ಕೊಡಲೇಬೇಕಾಯಿತು. ನೌಕರಿ ಮಾತ್ರ ತಿರುಗಿ ಬರಲಿಲ್ಲ. ಪೋಸ್ಟೇ ಇಲ್ಲ ಅಂದರು. ವರ್ಷ ತುಂಬುವುದರೊಳಗೆ ಅದೇ ಕೆಲಸಕ್ಕೆ ಬೇರೆ ಹೆಸರಿಟ್ಟು ಆಳಂದಕ್ಕೆ ಲಗ್ನವಾಗದ ಒಬ್ಬ ಹುಡುಗಿಯನ್ನು ತೆಗೆದುಕೊಂಡರು. ಶಾಹಿದಾಳನ್ನು ಮೀಟಿಂಗಿಗೆ ಕರೆಯುವುದನ್ನೇ ಬಿಟ್ಟರು. ಯಾರೂ ಕರೆಯದಿದ್ದರೂ ಅವಳು ಹೋಗಿ ಮುಂದಿನ ಕುರ್ಚಿಯಲ್ಲಿ ಕೂಡುತ್ತಾಳೆ.

ಮೊನ್ನೆ ನಾನು ಅಫಜಲಪುರಕ್ಕೆ ಹೊರಟಿದ್ದು ಒಂದು ಖಾಸಗಿ ಶಾಲೆಯ ಸಂದರ್ಶನಕ್ಕೆ. ಒಳಗೆ ಕೂತಿದ್ದ ಹೆಡ್‌ಮೇಡಂ, "ಹಿಂದಿನ ನೌಕರಿ ಯಾಕ ಬಿಟ್ರಿ?" ಎಂದು ಕೇಳಿದರು. ಇದಕ್ಕೆ ಮುಂಚೆ ಎರಡು ಕಡೆ ಇದನ್ನೇ ಕೇಳಿದಾಗ ನಾನು ಮೆತ್ತಗೆ, "ಡೆಲಿವರಿ ಇತ್ರಿ" ಅಂದಿದ್ದೆ. ಅವರೂ ಮೆತ್ತಗೆ ತಲೆಯಾಡಿಸಿದ್ದರು. ಈ ಸಲ ಬಾಯಿಗೆ ಬೇರೆಯೇ ಮಾತು ಬಂತು.

"ನಾ ಬಿಡ್ಲಿಲ್ರಿ. ಬಸುರಿ ಇದ್ದೆ ಅಂತ ತೆಗದ್ರು. ನಾ ಸುಮ್ನ ಕೂಡ್ಲಿಲ್ಲ, ಹೋಗಿ ಕೇಳ್ದೆ, ನನ್ನ ಪಗಾರ ತಗೊಂಡೆ."

ಮೇಡಂ ನನ್ನ ಅರ್ಜಿ ಬದಿಗಿಟ್ಟು, "ಇದನ್ನೆಲ್ಲ ಇಲ್ಲಿ ಹೇಳ್ಬೇಕಿತ್ತೇನ್ರಿ?" ಅಂದರು.

"ನೀವ ಕೇಳಿದ್ರಲ್ರಿ" ಅಂದೆ.

ಮನೆಗೆ ಬಂದಾಗ ಗಂಡ ಮಗಳಿಗೆ ಉಣ್ಣಿಸುತ್ತಿದ್ದರು. ಎಲ್ಲ ಕೇಳಿ, "ಕೆಲಸ ಕೊಡ್ತಾರಂತೇನು?" ಅಂದರು.

"ಗೊತ್ತಿಲ್ಲ. ಆದ್ರ ಇನ್ಮ್ಯಾಲ ನಾ ನೌಕರಿ ಬಿಟ್ಟೆ ಅಂತ ಯಾರೂ ಅನ್ನಬಾರ್ದು. ನೀವೂ."

ಅವರು ತುತ್ತು ಹಿಡಿದ ಕೈ ಹಾಗೇ ನಿಲ್ಲಿಸಿ ನನ್ನನ್ನು ನೋಡಿದರು. ಆಮೇಲೆ, "ಇಲ್ಲ, ಅನ್ನಂಗಿಲ್ಲ" ಅಂದರು.